ಏರ್‌ಲೈನ್ ಮೈಲ್ಸ್ ಯಾವಾಗ ಎಕ್ಸ್‌ಪೈರ್ ಆಗತ್ತೆ, ಅದಕ್ಕೆ ತಕ್ಕ ಕ್ರೆಡಿಟ್ ಕಾರ್ಡ್ ಆರಿಸೋದು ಹೇಗೆ

ಟ್ರಾವೆಲ್ ಕ್ರೆಡಿಟ್ ಕಾರ್ಡ್ ತಗೋಬೇಕು ಅಂದ್ಕೊಂಡಿರೋರು ಎಲ್ರೂ ಮೊದ್ಲು ಕೇಳೋದು "ಯಾವ್ ಕಾರ್ಡ್ ಬೆಸ್ಟ್" ಅಂತ. ನನ್ ಪ್ರಕಾರ ಮೊದ್ಲು ಕೇಳ್ಬೇಕಾಗಿರೋದು ಬೇರೆ: ಈ ಕಾರ್ಡಲ್ಲಿ ಬರೋ ಪಾಯಿಂಟು ಎಲ್ಲಿಗೆ ಹೋಗತ್ತೆ, ಹೋದ್ಮೇಲೆ ಎಷ್ಟು ದಿನ ಉಳಿಯತ್ತೆ? ಯಾಕಂದ್ರೆ ಪಾಯಿಂಟ್ ಸೇರಿಸೋದು ಅಷ್ಟೇನೂ ಕಷ್ಟ ಅಲ್ಲ, ಕಾರ್ಡ್ ಉಜ್ಜಿದ್ರೆ ತಾನಾಗೇ ಬೀಳತ್ತೆ, ಆದ್ರೆ ಮೂರು ವರ್ಷ ಸೇರ್ಸಿ ಇಟ್ಟಿದ್ದು ಒಂದು ರಾತ್ರಿ ಸದ್ದಿಲ್ದೆ ಸೊನ್ನೆ ಆಗ್ಬಿಡತ್ತಲ್ಲ, ಅದು ಹೊಟ್ಟೆ ಉರಿಯೋ ವಿಷ್ಯ.

ಮೈಲ್ಸ್ ಅಂದ್ರೆ ಏರ್‌ಲೈನ್ ಕೊಡೋ ಪಾಯಿಂಟು, ನಿಮ್ ಅಕೌಂಟಲ್ಲಿ ಕಾಣ್ತಾ ಇದ್ರೂ ಅದು ನಿಮ್ಮ ದುಡ್ಡಲ್ಲ. ಏರ್‌ಲೈನ್ ಮುಂದೆ ಒಂದಿನ ಸೀಟ್ ಕೊಡ್ತೀನಿ ಅಂತ ಕೊಟ್ಟಿರೋ ಮಾತು ಅಷ್ಟೇ, ಆ ಮಾತಿನ ಕಂಡೀಷನ್ ಬದಲಾಯಿಸೋ ಹಕ್ಕು ಪೂರ್ತಿ ಅವ್ರದ್ದೇ, ನಿಯಮಗಳಲ್ಲಿ ಅದನ್ನ ಬರ್ದೇ ಇಟ್ಟಿರ್ತಾರೆ. ನಮ್ ಬೆಂಗಳೂರಿನದ್ದೇ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಲ್ಲಿ ನಿಂತಾಗ ಕಿಂಗ್ ಕ್ಲಬ್ ಅಂತ ಜನ ಸೇರಿಸಿಟ್ಟಿದ್ದ ಮೈಲ್ಸ್ ಎಲ್ಲಾ ಅಲ್ಲಿಗೇ ಮುಗೀತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ಕೊನೇ ಫ್ಲೈಟ್ ಹಾರಿಸ್ತು, ಆದ್ರೆ ಅದರ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿ ಆಗಿದ್ರಿಂದ ಮೈಲ್ಸ್ ಉಳ್ಕೊಳ್ತು, ಅದೇ ವರ್ಷ ಇಂಟರ್‌ಮೈಲ್ಸ್ ಅಂತ ಹೆಸರು ಬದಲಾಯ್ತು, ಆದ್ರೆ ಜೆಟ್‌ನಲ್ಲಿ ಸೀಟ್ ತಗೋಬೇಕು ಅಂತ ಕೂಡಿಟ್ಟಿದ್ದೋರಿಗೆ ಜೆಟ್ಟೇ ಇಲ್ವಲ್ಲ. ವಿಸ್ತಾರ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾ ಜೊತೆ ಸೇರ್ಕೊಂಡಾಗ ಪಾಯಿಂಟ್ಸ್ ಒಂದಕ್ಕೊಂದು ಲೆಕ್ಕದಲ್ಲಿ ಆ ಕಡೆ ಹೋಯ್ತು, ಅದು ಒಳ್ಳೇದೇ ಆಯ್ತು, ಆದ್ರೆ ವಿಸ್ತಾರ ಹೆಸರಿನ ಕಾರ್ಡ್‌ಗಳ ಕಥೆ ಆಮೇಲೆ ಮುಗೀತಾ ಬಂತು. ಇದನ್ನೆಲ್ಲ ಹೆದರ್ಸೋಕೆ ಹೇಳ್ತಿಲ್ಲ. ಮೈಲ್ಸ್ ಅನ್ನೋದು ಎಫ್‌ಡಿ ಥರ ಇಟ್ಟು ಮರ್ತುಬಿಡೋದಲ್ಲ, ಕೂಡಿಸ್ಬೇಕು, ಬೇಗ ಬಳಸ್ಬೇಕು, ಅಷ್ಟೇ.

ಈಗ ಪಾಯಿಂಟ್ ಇರೋ ಜಾಗ ಎರಡು. ಒಂದು ಬ್ಯಾಂಕ್ ಹತ್ರ, ಅಂದ್ರೆ ಕಾರ್ಡಿನ ರಿವಾರ್ಡ್ ಪಾಯಿಂಟ್ಸ್. ಇನ್ನೊಂದು ಏರ್‌ಲೈನ್ ಹತ್ರ, ಅಂದ್ರೆ ಮೈಲ್ಸ್, ಏವಿಯೋಸ್, ಏರ್ ಇಂಡಿಯಾದ ಮಹಾರಾಜ ಪಾಯಿಂಟ್ಸ್, ಹೆಸರು ಏನಾದ್ರೂ ಇರ್ಲಿ. ಬ್ಯಾಂಕ್ ಹತ್ರ ಇರೋದು ಹಾಲಿದ್ದ ಹಾಗೆ, ಅದ್ರಿಂದ ಏನ್ ಬೇಕಾದ್ರೂ ಮಾಡ್ಕೋಬಹುದು, ಸಿಂಗಾಪುರ್ ಏರ್‌ಲೈನ್ಸ್‌ಗೆ ಕಳ್ಸಬಹುದು, ಹೋಟೆಲ್‌ಗೆ ಕಳ್ಸಬಹುದು, ವೋಚರ್ ತಗೋಬಹುದು, ಆದ್ರೆ ಒಂದ್ಸಲ ಏರ್‌ಲೈನ್‌ಗೆ ಕಳ್ಸಿದ್ರೆ ಮೊಸರಾಯ್ತು, ಮತ್ತೆ ಹಾಲಾಗಲ್ಲ. ಟ್ರಾನ್ಸ್‌ಫರ್ ವಾಪಸ್ ತಗೊಳ್ಳೋಕೆ ಯಾವ ಬ್ಯಾಂಕೂ ಬಿಡಲ್ಲ. ಅದಕ್ಕೇ ನಾನು ಯಾರೇ ಕೇಳಿದ್ರೂ ಹೇಳೋದು, ಸೀಟ್ ಕಣ್ಣಿಗೆ ಕಾಣೋವರೆಗೂ ಪಾಯಿಂಟ್ ಬ್ಯಾಂಕಲ್ಲೇ ಇರ್ಲಿ ಅಂತ. ಮೊದ್ಲು ಏರ್‌ಲೈನ್ ಸೈಟಲ್ಲಿ ಲಾಗಿನ್ ಆಗಿ ನಿಮಗೆ ಬೇಕಾದ ದಿನ ಮೈಲ್ಸ್‌ಗೆ ಸೀಟ್ ಇದ್ಯಾ ನೋಡಿ, ಆಮೇಲೆ ಕಳ್ಸಿ. ಕೆಲವು ಟ್ರಾನ್ಸ್‌ಫರ್ ತಕ್ಷಣ ಆಗತ್ತೆ, ಕೆಲವಕ್ಕೆ ಕೆಲ ದಿನ ಹಿಡಿಯತ್ತೆ, ಅಷ್ಟರಲ್ಲಿ ಸೀಟ್ ಹೋಗೋ ಚಾನ್ಸ್ ಇದ್ದೇ ಇರತ್ತೆ, ಹಾಗಾಗಿ ಮನಸ್ಸಲ್ಲಿ ಇನ್ನೊಂದು ಡೇಟೂ ಇಟ್ಕೊಂಡಿರಿ.

ಎಕ್ಸ್‌ಪೈರಿ ವಿಷ್ಯಕ್ಕೆ ಬರೋಣ, ಇದ್ರಲ್ಲೇ ಜನ ಜಾಸ್ತಿ ಕನ್‌ಫ್ಯೂಸ್ ಆಗೋದು. ಎಲ್ಲಾ ಏರ್‌ಲೈನ್‌ದೂ ಒಂದೇ ಥರ ಅಂದ್ಕೊಂಡ್ಬಿಡ್ತಾರೆ. ಮುಖ್ಯವಾಗಿ ಎರಡು ಥರದ ಲೆಕ್ಕ ಇದೆ, ಮೂರನೇದು ಎಕ್ಸ್‌ಪೈರಿನೇ ಇಲ್ದಿರೋದು.

ಮೊದಲ್ನೇ ಥರದಲ್ಲಿ ಮೈಲ್ಸ್ ಬಂದ ದಿನದಿಂದಲೇ ಗಡಿಯಾರ ಓಡೋಕೆ ಶುರು, ನೀವು ಏನ್ ಮಾಡಿದ್ರೂ ನಿಲ್ಲಲ್ಲ. ಸಿಂಗಾಪುರ್ ಏರ್‌ಲೈನ್ಸ್‌ನ ಮೈಲ್ಸ್ ಸ್ಕೀಮ್ ಕ್ರಿಸ್‌ಫ್ಲೈಯರ್ ಹೀಗೇ. 2024ರ ಮಾರ್ಚಲ್ಲಿ ಬಂದ ಮೈಲ್ಸ್ 2027ರ ಮಾರ್ಚ್ ಕೊನೆಗೆ ಹೋಗತ್ತೆ, ಮಧ್ಯದಲ್ಲಿ ನೀವು ಹತ್ತು ಸಲ ಹಾರಿದ್ರೂ ಹಳೇ ಮೈಲ್ಸಿನ ಆಯಸ್ಸು ಒಂದಿನಾನೂ ಜಾಸ್ತಿ ಆಗಲ್ಲ. ಎಮಿರೇಟ್ಸ್ ಸ್ಕೈವಾರ್ಡ್ಸ್‌ದೂ ಮೂರು ವರ್ಷದ ಲೆಕ್ಕ, ಆದ್ರೆ ಅದ್ರಲ್ಲಿ ಮೈಲ್ಸ್ ಹೋಗೋದು ನೀವು ಹುಟ್ಟಿದ ತಿಂಗಳ ಕೊನೆಗೆ, ಅದೊಂದು ವಿಚಿತ್ರ ನಿಯಮ ಆದ್ರೂ ನೆನಪಿಟ್ಕೊಳ್ಳೋಕೆ ಸುಲಭ. ದುಬೈಗೆ ಹೋಗಿ ಬಂದು ಮಾಡ್ತಿರೋ ಮಂಗಳೂರು, ಉಡುಪಿ ಕಡೆಯವ್ರು ಬರ್ತ್‌ಡೇ ತಿಂಗಳಿಗೆ ಎರಡು ತಿಂಗಳು ಮುಂಚೆ ಸ್ಕೈವಾರ್ಡ್ಸ್ ಅಕೌಂಟ್ ಒಂದ್ಸಲ ತೆಗೆದು ನೋಡಿದ್ರೆ ಸಾಕು.

ಎರಡನೇ ಥರದಲ್ಲಿ ಅಕೌಂಟು ಜೀವಂತ ಇದ್ರೆ ಮೈಲ್ಸೂ ಜೀವಂತ. ಬ್ರಿಟಿಷ್ ಏರ್‌ವೇಸ್, ಕತಾರ್ ಏರ್‌ವೇಸ್ ಎರಡ್ರಲ್ಲೂ ಏವಿಯೋಸ್ ಇರೋದು, 36 ತಿಂಗಳು ಅಕೌಂಟಲ್ಲಿ ಏನೂ ಓಡಾಟ ಇಲ್ದಿದ್ರೆ ಮಾತ್ರ ಹೋಗತ್ತೆ. ಅಮೆರಿಕನ್ ಏರ್‌ಲೈನ್ಸ್‌ದು 24 ತಿಂಗಳು, ಏರ್ ಕೆನಡಾದ ಏರೋಪ್ಲಾನ್ 18 ತಿಂಗಳು, ಹಾಂಗ್‌ಕಾಂಗ್‌ನ ಕ್ಯಾಥೆ ಪೆಸಿಫಿಕ್ ಕೂಡ 18 ತಿಂಗಳು. ಇಲ್ಲಿ ಸ್ವಲ್ಪ ಮೈಲ್ಸ್ ಒಳಗೆ ಬಂದ್ರೂ ಇಲ್ಲಾ ಸ್ವಲ್ಪ ಖರ್ಚಾದ್ರೂ ಇರೋ ಅಷ್ಟೂ ಮೈಲ್ಸಿಗೆ ಹೊಸ ಆಯಸ್ಸು ಸಿಗತ್ತೆ, ಐವತ್ತು ಸಾವಿರ ಇದ್ರೂ ಅಷ್ಟೇ, ಐದು ಲಕ್ಷ ಇದ್ರೂ ಅಷ್ಟೇ. ಹೋಟೆಲ್‌ಗಳದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ, ಮ್ಯಾರಿಯಟ್ ಬಾನ್‌ವಾಯ್ 24 ತಿಂಗಳು, ಅಕಾರ್ ಬರೀ 365 ದಿನ, ಅಕಾರ್‌ಗೆ ಪಾಯಿಂಟ್ ಕಳ್ಸಿ ಮರ್ತುಬಿಡೋರು ಇದನ್ನ ಸರಿಯಾಗಿ ಗಮನಿಸ್ಬೇಕು.

ಆದ್ರೆ ಓಡಾಟ ಅಂದ್ರೆ ಏನು ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಇಲ್ಲೇ ಪೆಟ್ಟು ಬೀಳೋದು. ಏರ್ ಇಂಡಿಯಾ 2024ರ ಏಪ್ರಿಲಲ್ಲಿ ತನ್ನ ಸ್ಕೀಮ್ ಬದಲಾಯಿಸಿದಾಗ, 24 ತಿಂಗಳಲ್ಲಿ ಒಂದ್ಸಲನಾದ್ರೂ ಹಾರಿದ್ರೆ ಪಾಯಿಂಟ್ ಎಕ್ಸ್‌ಪೈರ್ ಆಗಲ್ಲ ಅಂತ ಮಾಡ್ತು. ಅಲ್ಲಿ ಹೇಳಿರೋದು ಹಾರೋದ್ರ ಬಗ್ಗೆ, ಹಾಗಾಗಿ ಕಾರ್ಡಿಂದ ನಾಲ್ಕು ಪಾಯಿಂಟ್ ಕಳ್ಸಿದೆ, ಇನ್ನು ಚಿಂತೆ ಇಲ್ಲ ಅಂತ ಕೂತ್ಕೊಳ್ಳೋ ಹಾಗಿಲ್ಲ. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ ಕೂಡ ಸಾಮಾನ್ಯ ಮೆಂಬರ್‌ಗೆ 36 ತಿಂಗಳೇ, ಸ್ಟೇಟಸ್ ಇರೋರಿಗೆ, ಅಂದ್ರೆ ತುಂಬಾ ಹಾರಿ ಮೇಲಿನ ದರ್ಜೆ ಸಿಕ್ಕಿರೋರಿಗೆ, ವಿನಾಯ್ತಿ ಇದೆ. ನಿಮ್ ಅಕೌಂಟ್ ಯಾವುದೇ ಇರ್ಲಿ, ನಿಯಮದ ಪೇಜಲ್ಲಿ "ಅರ್ನ್ ಆರ್ ರಿಡೀಮ್" (ಗಳಿಸಿದ್ರೂ ಸರಿ, ಬಳಸಿದ್ರೂ ಸರಿ) ಅಂತ ಇದ್ಯಾ, ಇಲ್ಲಾ "ಫ್ಲೈ" ಅಂತ ಮಾತ್ರ ಇದ್ಯಾ ಅಂತ ನೋಡ್ಕೊಳ್ಳಿ. ಮೊದಲ್ನೇದಿದ್ರೆ ಮನೇಲಿ ಕೂತೇ ಉಳಿಸ್ಕೋಬಹುದು.

ಮೂರನೇದು ಎಕ್ಸ್‌ಪೈರಿನೇ ಇಲ್ದಿರೋದು. ಅಮೆರಿಕದ ಡೆಲ್ಟಾ 2011ರಲ್ಲಿ, ಯುನೈಟೆಡ್ 2019ರಲ್ಲಿ ಎಕ್ಸ್‌ಪೈರಿ ತೆಗೆದುಹಾಕಿದ್ವು. ಕೇಳೋಕೆ ಚೆನ್ನಾಗಿದೆ, ಆದ್ರೆ ಎಕ್ಸ್‌ಪೈರ್ ಆಗ್ದೆ ಇದ್ರೂ ಬೆಲೆ ಕರಗತ್ತೆ, ನಿನ್ನೆ ಇಷ್ಟು ಮೈಲ್ಸಿಗೆ ಸಿಗ್ತಿದ್ದ ಸೀಟಿಗೆ ಇವತ್ತು ಜಾಸ್ತಿ ಕೇಳ್ತಾರೆ, ಡೆಲ್ಟಾ ಅಂತೂ ಫಿಕ್ಸೆಡ್ ರೇಟ್ ಚಾರ್ಟೇ ಇಟ್ಕೊಂಡಿಲ್ಲ. ಕ್ರಿಸ್‌ಫ್ಲೈಯರ್ ಕೂಡ 2022ರ ಜುಲೈಯಲ್ಲಿ ರೇಟ್ ಏರಿಸ್ತು. ಆದ್ದರಿಂದ ಎಕ್ಸ್‌ಪೈರಿ ಇಲ್ಲ ಅಂತ ಹತ್ತು ವರ್ಷ ಕೂಡಿಡೋದು ಬುದ್ಧಿವಂತಿಕೆ ಅಲ್ಲ.

ಗಡಿಯಾರ ನಿಲ್ಲದ ಥರದ ಮೈಲ್ಸ್ ಇದ್ದು ಡೇಟ್ ಹತ್ರ ಬಂದ್ರೆ ಏನ್ ಮಾಡೋದು ಅಂದ್ರೆ, ಕ್ರಿಸ್‌ಫ್ಲೈಯರಲ್ಲಿ ಎಕ್ಸ್‌ಪೈರ್ ಆಗೋಕ್ಕಿಂತ ಮುಂಚೆ ಪ್ರತಿ 10,000 ಮೈಲ್ಸಿಗೆ 12 ಅಮೆರಿಕನ್ ಡಾಲರ್ ಇಲ್ಲಾ 1,200 ಮೈಲ್ಸ್ ಕೊಟ್ರೆ ಆರು ತಿಂಗಳು ಮುಂದಕ್ಕೆ ಹಾಕ್ತಾರೆ. ಟ್ರಿಪ್ ಪ್ಲಾನ್ ಇದ್ರೆ ಮಾತ್ರ ಇದಕ್ಕೆ ದುಡ್ಡು ಕೊಡಿ, ಸುಮ್ನೆ ಉಳೀಲಿ ಅಂತ ಅಲ್ಲ. ಇನ್ನೊಂದು ದಾರಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ: ಮೈಲ್ಸ್ ಇರೋವಾಗ ಟಿಕೆಟ್ ಬುಕ್ ಆದ್ರೆ ಆಯ್ತು, ಪ್ರಯಾಣ ಆ ಡೇಟಿನ ಒಳಗೇ ಆಗ್ಬೇಕು ಅಂತ ಇಲ್ಲ. ಮಾರ್ಚಲ್ಲಿ ಮೈಲ್ಸ್ ಹೋಗತ್ತೆ ಅಂದ್ರೆ ಮಾರ್ಚಲ್ಲೇ ದಸರಾ ರಜೆಗೆ ಬೆಂಗಳೂರಿಂದ ಸಿಂಗಾಪುರಕ್ಕೆ ಬುಕ್ ಮಾಡಿ ಇಟ್ಕೋಬಹುದು. ಆದ್ರೆ ಆಮೇಲೆ ಕ್ಯಾನ್ಸಲ್ ಮಾಡಿದ್ರೆ ಅಷ್ಟರಲ್ಲಿ ಡೇಟ್ ದಾಟಿರೋ ಮೈಲ್ಸ್ ವಾಪಸ್ ಬರಲ್ಲ, ಇದು ತಲೇಲಿರ್ಲಿ, ಡೇಟ್ ಚೇಂಜ್ ಮಾಡ್ಕೊಳ್ಳೋದು ಬೇರೆ, ಕ್ಯಾನ್ಸಲ್ ಬೇರೆ.

ಇದೆಲ್ಲ ಗೊತ್ತಾದ್ಮೇಲೆ ಬ್ಯಾಂಕ್ ಪಾಯಿಂಟಿನ ಬೆಲೆ ಅರ್ಥ ಆಗತ್ತೆ. ಎಚ್‌ಡಿಎಫ್‌ಸಿಯ ಇನ್ಫಿನಿಯಾ ಕಾರ್ಡಿನ ಪಾಯಿಂಟ್ ಬ್ಯಾಂಕಲ್ಲಿ ಮೂರು ವರ್ಷ ಇರತ್ತೆ, ಅದನ್ನ ಎರಡೂವರೆ ವರ್ಷ ಆದ್ಮೇಲೆ ಕ್ರಿಸ್‌ಫ್ಲೈಯರ್‌ಗೆ ಕಳ್ಸಿದ್ರೆ ಅಲ್ಲಿ ಮತ್ತೆ ಹೊಸದಾಗಿ ಮೂರು ವರ್ಷ ಶುರು ಆಗತ್ತೆ. ಅದೇ ಬಂದ ತಿಂಗಳೇ ಕಳ್ಸಿದ್ರೆ ಬ್ಯಾಂಕಿನ ಎರಡೂವರೆ ವರ್ಷ ನೀರಿಗೆ ಹಾಕಿದ ಹಾಗೆ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಮೆಂಬರ್‌ಶಿಪ್ ರಿವಾರ್ಡ್ಸ್ ಅಂತೂ ಕಾರ್ಡ್ ಇರೋವರೆಗೂ ಎಕ್ಸ್‌ಪೈರ್ ಆಗಲ್ಲ. ಏರ್‌ಲೈನ್ ಹೆಸರಿರೋ ಕೋ-ಬ್ರ್ಯಾಂಡ್ ಕಾರ್ಡಲ್ಲಿ ಈ ಸೌಕರ್ಯ ಇಲ್ಲ, ಪಾಯಿಂಟ್ ನೇರ ಏರ್‌ಲೈನ್ ಅಕೌಂಟಿಗೇ ಹೋಗಿ ಬೀಳತ್ತೆ, ಆ ದಿನದಿಂದಲೇ ಗಡಿಯಾರ ಶುರು. ವರ್ಷಕ್ಕೆ ನಾಲ್ಕೈದು ಸಲ ಒಂದೇ ಏರ್‌ಲೈನಲ್ಲಿ ಹೋಗೋರಿಗೆ ಕೋ-ಬ್ರ್ಯಾಂಡ್ ಸರಿ, ಉಳಿದವ್ರಿಗೆ ಬೇರೆ ಬೇರೆ ಕಡೆ ಕಳ್ಸೋಕಾಗೋ ಕಾರ್ಡೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಸರಿ, ಕಾರ್ಡ್ ಆರಿಸೋದು. ಮೊದ್ಲು ಒಂದ್ ಮಾತು, ತಿಂಗಳು ತಿಂಗಳು ಬಿಲ್ ಪೂರ್ತಿ ಕಟ್ಟೋಕಾಗದೆ ಇರೋರು, ಮಿನಿಮಮ್ ಡ್ಯೂ ಕಟ್ಟಿ ಮುಂದೆ ತಳ್ಳೋರು ದಯವಿಟ್ಟು ಈ ಆಟಕ್ಕೇ ಬರ್ಬೇಡಿ. ನಮ್ಮಲ್ಲಿ ಬಹಳಷ್ಟು ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ. 3.5ರಿಂದ 3.75, ವರ್ಷಕ್ಕೆ ಶೇ. 42ರಿಂದ 45, ಅದ್ರ ಮೇಲೆ ಜಿಎಸ್‌ಟಿ ಬೇರೆ, ಮತ್ತೆ ಬಾಕಿ ಉಳಿಸ್ಕೊಂಡ್ರೆ ಹೊಸದಾಗಿ ತಗೊಂಡಿದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ ಬೀಳತ್ತೆ. ನೂರು ರೂಪಾಯಿಗೆ ಒಂದೂವರೆ ರೂಪಾಯಿ ಬೆಲೆಯ ಮೈಲ್ಸ್ ಸಿಕ್ಕಿ ಮೂರೂವರೆ ಬಡ್ಡಿ ಹೋದ್ರೆ ಏನ್ ಸುಖ?

ಆಮೇಲೆ ನಿಮ್ಮ ಖರ್ಚು ಎಲ್ಲೆಲ್ಲಿ ಹೋಗತ್ತೆ ಅಂತ ಬರ್ಕೊಳ್ಳಿ, ಅಂದಾಜಲ್ಲಿ ಬೇಡ, ಹಿಂದಿನ ಒಂದ್ ವರ್ಷದ ಸ್ಟೇಟ್‌ಮೆಂಟ್ ತೆಗೆದು ನೋಡಿ. ಯಾಕಂದ್ರೆ ಮನೆ ಬಾಡಿಗೆ, ಪೆಟ್ರೋಲ್, ವಾಲೆಟ್‌ಗೆ ದುಡ್ಡು ಹಾಕೋದು, ಇಎಂಐಗೆ ಹಾಕಿರೋದು, ಸರ್ಕಾರಿ ಫೀಸು, ಇವಕ್ಕೆ ಬಹುಪಾಲು ಟ್ರಾವೆಲ್ ಕಾರ್ಡ್‌ಗಳು ಪಾಯಿಂಟೇ ಕೊಡಲ್ಲ, ಇನ್ಶೂರೆನ್ಸು, ಬೆಸ್ಕಾಂ ಬಿಲ್ಲು, ಚಿನ್ನ ಇವಕ್ಕೂ ಎಷ್ಟೋ ಕಾರ್ಡಲ್ಲಿ ಸೊನ್ನೆ ಇಲ್ಲಾ ಇಷ್ಟಕ್ಕೇ ಅಂತ ಮಿತಿ. ವರ್ಷಕ್ಕೆ ಎಂಟು ಲಕ್ಷ ಖರ್ಚು ಮಾಡ್ತೀನಿ ಅಂದ್ಕೊಂಡಿರೋರದ್ದು ಇವನ್ನೆಲ್ಲ ಕಳೆದ್ರೆ ಪಾಯಿಂಟ್ ಬರೋ ಖರ್ಚು ಮೂರು ಲಕ್ಷ ಉಳಿದ್ರೆ ಹೆಚ್ಚು. ಲೆಕ್ಕ ಹಾಕ್ಬೇಕಾಗಿರೋದು ಆ ಮೂರು ಲಕ್ಷದ ಮೇಲೆ.

ಜಾಹೀರಾತಲ್ಲಿ ಕಾಣೋ ನಂಬರ್ ನಂಬ್ಬೇಡಿ, ಎಲ್ಲಾನೂ ನೂರು ರೂಪಾಯಿಗೆ ಎಷ್ಟು ಏರ್‌ಲೈನ್ ಮೈಲ್ಸ್ ಅನ್ನೋ ಒಂದೇ ಅಳತೆಗೆ ತನ್ನಿ. ಒಂದು ಕಾರ್ಡು 150 ರೂಪಾಯಿಗೆ 4 ಪಾಯಿಂಟ್ ಕೊಡತ್ತೆ, ಎರಡು ಪಾಯಿಂಟ್ ಕಳ್ಸಿದ್ರೆ ಒಂದು ಮೈಲು ಅಂದ್ಕೊಳ್ಳಿ. ಇನ್ನೊಂದು 100 ರೂಪಾಯಿಗೆ 2 ಪಾಯಿಂಟ್, ಒಂದಕ್ಕೆ ಒಂದು ಮೈಲು. ನಾಲ್ಕು ದೊಡ್ಡದಾಗಿ ಕಾಣತ್ತೆ, ಆದ್ರೆ ಮೊದಲ್ನೇದು ನೂರು ರೂಪಾಯಿಗೆ ಬರೀ 1.33 ಮೈಲು, ಎರಡನೇದು 2 ಮೈಲು. ವರ್ಷಕ್ಕೆ ಮೂರು ಲಕ್ಷದ ಮೇಲೆ ಹಾಕಿದ್ರೆ 4,000 ಮೈಲು ಮತ್ತು 6,000 ಮೈಲು, ಅಷ್ಟು ವ್ಯತ್ಯಾಸ.

ಮುಂದಿನ ಪ್ರಶ್ನೆ ಒಂದು ಮೈಲಿಗೆ ಎಷ್ಟು ಬೆಲೆ. ಅದು ನೀವು ಬುಕ್ ಮಾಡೋ ಸೀಟಿನ ಮೇಲೆ ನಿಲ್ಲತ್ತೆ. ಟಿಕೆಟ್ ದುಡ್ಡು ಕೊಟ್ರೆ 18,000 ರೂಪಾಯಿ, ಮೈಲ್ಸಲ್ಲಿ ತಗೊಂಡ್ರೆ 20,000 ಮೈಲ್ಸ್ ಜೊತೆಗೆ 4,000 ಟ್ಯಾಕ್ಸು ಅಂತಿಟ್ಕೊಳ್ಳಿ. ಉಳಿದಿದ್ದು 14,000, ಅದನ್ನ 20,000ದಿಂದ ಭಾಗ್ಸಿದ್ರೆ ಮೈಲಿಗೆ 70 ಪೈಸೆ. ಬಿಸಿನೆಸ್ ಕ್ಲಾಸಲ್ಲಿ ಈ ಲೆಕ್ಕ ಎರಡು ಮೂರು ರೂಪಾಯಿವರೆಗೂ ಏರಬಹುದು, ಆದ್ರೆ ನೀವು ದುಡ್ಡು ಕೊಟ್ಟು ಯಾವತ್ತೂ ಬಿಸಿನೆಸ್ ಕ್ಲಾಸ್ ತಗೊಳ್ಳೋರಲ್ಲ ಅಂದ್ರೆ ಅದನ್ನ ಉಳಿತಾಯ ಅಂತ ಲೆಕ್ಕ ಹಿಡೀಬೇಡಿ, ಅದು ಬೇರೆ ಸಂತೋಷ. ಮತ್ತೆ ಟ್ಯಾಕ್ಸ್ ಅಂತ ಕಾಣೋದ್ರಲ್ಲಿ ಏರ್‌ಲೈನ್ ತಾನೇ ಹಾಕೋ ಸರ್‌ಚಾರ್ಜೂ ಸೇರಿರತ್ತೆ. ಬ್ರಿಟಿಷ್ ಏರ್‌ವೇಸ್‌ದು ಈ ವಿಷ್ಯದಲ್ಲಿ ಜಾಸ್ತಿನೇ, ಏರೋಪ್ಲಾನ್ 2020ರಿಂದ ಸರ್‌ಚಾರ್ಜ್ ಹಾಕೋದು ನಿಲ್ಲಿಸ್ತು. ಮೈಲ್ಸ್ ಕಳ್ಸೋಕ್ಕಿಂತ ಮುಂಚೆ ಪೇಮೆಂಟ್ ಪೇಜಿನವರೆಗೂ ಹೋಗಿ ರೂಪಾಯಲ್ಲಿ ಎಷ್ಟು ಕೇಳ್ತಾರೆ ನೋಡಿ.

ಈಗ ಫೀಸು. ವರ್ಷಕ್ಕೆ 5,000 ಅಂದ್ರೆ ಜಿಎಸ್‌ಟಿ ಸೇರಿ 5,900. ಮೇಲಿನ 6,000 ಮೈಲ್ಸಿಗೆ 70 ಪೈಸೆ ಹಾಕಿದ್ರೆ 4,200. ಅಂದ್ರೆ ಫೀಸೂ ಹುಟ್ಟಲ್ಲ. ಅದೇ ಮೂರು ಲಕ್ಷಕ್ಕೆ ಶೇ. 1.5 ಕ್ಯಾಶ್‌ಬ್ಯಾಕ್ ಕೊಡೋ ಫೀಸಿಲ್ಲದ ಕಾರ್ಡ್ ಇದ್ರೆ 4,500 ರೂಪಾಯಿ ಕೈಗೇ ಬರ್ತಿತ್ತು, ಅದಕ್ಕೆ ಎಕ್ಸ್‌ಪೈರಿನೂ ಇಲ್ಲ, ಸೀಟ್ ಹುಡ್ಕೋ ತಾಪತ್ರಯನೂ ಇಲ್ಲ. ವೆಲ್ಕಮ್ ಬೋನಸ್ಸು, ಇಷ್ಟು ಖರ್ಚು ಮಾಡಿದ್ರೆ ಇಷ್ಟು ಅಂತ ಕೊಡೋ ಮೈಲ್‌ಸ್ಟೋನ್ ಬೋನಸ್ಸು ಸೇರ್ಸಿದ್ರೆ ಲೆಕ್ಕ ಉಲ್ಟಾ ಆಗಬಹುದು, ಅದಕ್ಕೇ ಅವನ್ನೂ ಸೇರ್ಸಿ ಹಾಕಿ, ಆದ್ರೆ ಬೋನಸ್ಸಿಗೋಸ್ಕರ ಬೇಡದಿದ್ದನ್ನ ಕೊಳ್ಳೋಕೆ ಹೋಗ್ಬೇಡಿ. ನಾನು ಗಟ್ಟಿಯಾಗಿ ಹೇಳೋದು, ವರ್ಷಕ್ಕೆ ಒಂದು ಫಾರಿನ್ ಟ್ರಿಪ್ಪೂ ಇಲ್ದೆ, ಫ್ಲೈಟು ಹೋಟೆಲ್‌ಗೆ ಹೆಚ್ಚು ಖರ್ಚಿಲ್ದೆ ಇರೋ ಮನೆಗೆ ಕ್ಯಾಶ್‌ಬ್ಯಾಕ್ ಕಾರ್ಡೇ ಸರಿ.

ಲೌಂಜ್ ನೋಡಿ ಕಾರ್ಡ್ ತಗೋಬೇಡಿ, ಈಗ ಎಷ್ಟೋ ಬ್ಯಾಂಕು ಹಿಂದಿನ ಕ್ವಾರ್ಟರಲ್ಲಿ ಇಷ್ಟು ಖರ್ಚಾಗಿದ್ರೆ ಮಾತ್ರ ಲೌಂಜ್ ಅಂತ ಮಾಡಿದಾವೆ. ಅದಕ್ಕಿಂತ ಫಾರೆಕ್ಸ್ ಮಾರ್ಕಪ್ ನೋಡಿ, ಅಂದ್ರೆ ವಿದೇಶಿ ಕರೆನ್ಸಿ ಖರ್ಚಿನ ಮೇಲೆ ಬ್ಯಾಂಕ್ ಹಾಕೋ ಹೆಚ್ಚುವರಿ ಚಾರ್ಜು. ಸಾಮಾನ್ಯ ಕಾರ್ಡಲ್ಲಿ ಶೇ. 3.5, ಜಿಎಸ್‌ಟಿ ಸೇರಿ ಶೇ. 4.13, ಅಂದ್ರೆ ವಿದೇಶದಲ್ಲಿ ಒಂದು ಲಕ್ಷ ಉಜ್ಜಿದ್ರೆ 4,130 ರೂಪಾಯಿ ಹಾಗೇ ಹೋಯ್ತು, ಅದನ್ನ ತುಂಬ್ಸೋಕೆ ಮೈಲ್ಸ್ ಸಾಲಲ್ಲ. ಹೊರಗೆ ಹೋದಾಗ ಮಾರ್ಕಪ್ ಇಲ್ಲದ ಕಾರ್ಡ್ ಒಂದು ಜೇಬಲ್ಲಿರ್ಲಿ.

ಕಾರ್ಡ್ ಕ್ಲೋಸ್ ಮಾಡೋವಾಗ ಪಾಯಿಂಟ್ ಮೊದ್ಲು ಖಾಲಿ ಮಾಡಿ. ಆರ್‌ಬಿಐ 2022ರ ನಿಯಮದ ಪ್ರಕಾರ ನೀವು ಕ್ಲೋಸ್ ಮಾಡಿ ಅಂದ್ಮೇಲೆ, ಬಾಕಿ ಏನೂ ಇಲ್ದಿದ್ರೆ, ಬ್ಯಾಂಕು ಏಳು ವರ್ಕಿಂಗ್ ಡೇಸ್ ಒಳಗೆ ಮಾಡ್ಬೇಕು, ತಡ ಆದ್ರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡ್ಬೇಕು, ಆದ್ರೆ ಪಾಯಿಂಟ್ ಉಳಿಸಿ ಕೊಡಿ ಅಂತ ಅಲ್ಲೇನೂ ಇಲ್ಲ. ಹಾಗೇ ಒಂದು ವರ್ಷ ಬಳಸ್ದೆ ಇದ್ರೆ ನಿಮಗೆ ತಿಳಿಸಿ ಅವ್ರೇ ಕ್ಲೋಸ್ ಮಾಡೋಕೂ ಅವಕಾಶ ಇದೆ, ಪಾಯಿಂಟ್ ಇರೋ ಕಾರ್ಡನ್ನ ಬೀರುವಲ್ಲಿಟ್ಟು ಮರೀಬೇಡಿ.

ಇದೇ ವಿಷ್ಯ ಅಮೆರಿಕದಿಂದ ಊರಿಗೆ ವಾಪಸ್ ಬರೋ ನಮ್ಮವ್ರಿಗೆ ಇನ್ನೂ ಮುಖ್ಯ. ಅಲ್ಲಿನ ಚೇಸ್ ಬ್ಯಾಂಕಿನ ಪಾಯಿಂಟು, ಅಲ್ಲಿನ ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಪಾಯಿಂಟು ಎಕ್ಸ್‌ಪೈರ್ ಆಗಲ್ಲ ಅನ್ನೋದು ಅಕೌಂಟ್ ತೆರೆದಿರೋವರೆಗೆ ಮಾತ್ರ. ಮನೆ ಖಾಲಿ ಮಾಡಿ, ಕಾರು ಮಾರಿ, ಕೊನೇಲಿ ಗಡಿಬಿಡಿಯಲ್ಲಿ ಕಾರ್ಡ್‌ನೂ ಕ್ಲೋಸ್ ಮಾಡಿದ್ರೆ ಅಷ್ಟೂ ಪಾಯಿಂಟ್ ಹೋಯ್ತು, ಕೈಗೆ ಬಂದ ತುತ್ತು ಬಾಯಿಗಿಲ್ಲ. ಕ್ಲೋಸ್ ಮಾಡೋಕ್ಕಿಂತ ಮುಂಚೆ ಚೇಸ್ ಪಾಯಿಂಟನ್ನ ಯುನೈಟೆಡ್‌ಗೋ ಏರೋಪ್ಲಾನ್‌ಗೋ, ಅಮೆಕ್ಸ್ ಪಾಯಿಂಟನ್ನ ಏರೋಪ್ಲಾನ್‌ಗೆ ಕಳ್ಸಿಡಿ. ಯುನೈಟೆಡ್‌ದು ಎಕ್ಸ್‌ಪೈರ್ ಆಗಲ್ಲ, ಎರಡೂ ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನ್‌ಗಳ ಒಕ್ಕೂಟದವೇ, ಏರ್ ಇಂಡಿಯಾ 2014ರಿಂದ ಅದ್ರಲ್ಲಿ ಇರೋದ್ರಿಂದ ಊರಿಗೆ ಬಂದ್ಮೇಲೂ ಏರ್ ಇಂಡಿಯಾ ಸೀಟಿಗೆ ಆ ಮೈಲ್ಸ್ ನಡಿಯತ್ತೆ. ಸೀಟ್ ಕಾಣೋವರೆಗೂ ಕಳ್ಸಬೇಡಿ ಅಂದಿದ್ದೆನಲ್ಲ, ಅದಕ್ಕೆ ಇದೊಂದೇ ವಿನಾಯ್ತಿ.

ಇನ್ನೊಂದು ವಿಷ್ಯ ನೆನೆದ್ರೆ ಬೇಜಾರಾಗತ್ತೆ. ಮಗಳ ಬಾಣಂತನಕ್ಕೆ ಅಂತ ಅಪ್ಪ ಅಮ್ಮ ಬೆಂಗಳೂರಿಂದ ಫ್ರಾಂಕ್‌ಫರ್ಟ್ ಮೇಲೋ ದೋಹಾ ಮೇಲೋ ಅಮೆರಿಕಕ್ಕೆ ಹೋಗಿ ಬರ್ತಾರೆ, ಅಷ್ಟು ದೂರದ ಪ್ರಯಾಣ, ಟಿಕೆಟಲ್ಲಿ ಅವ್ರ ಫ್ರೀಕ್ವೆಂಟ್ ಫ್ಲೈಯರ್ ನಂಬರ್, ಅಂದ್ರೆ ಮೈಲ್ಸ್ ಅಕೌಂಟಿನ ನಂಬರ್, ಹಾಕೋಕೆ ಯಾರಿಗೂ ನೆನಪಿರಲ್ಲ. ಅಕೌಂಟ್ ತೆಗೆಯೋದು ಫ್ರೀ, ಅದೂ ಆನ್‌ಲೈನಲ್ಲೇ. ಟಿಕೆಟ್ ತಗೊಳ್ಳೋಕ್ಕಿಂತ ಮುಂಚೆನೇ ತೆಗೆದುಬಿಡಿ. ಎಮಿರೇಟ್ಸಲ್ಲಿ ಮನೆಯವ್ರ ಮೈಲ್ಸ್ ಒಂದೇ ಕಡೆ ಸೇರ್ಸೋ ಮೈ ಫ್ಯಾಮಿಲಿ ಅಂತ ಸೌಕರ್ಯ ಇದೆ, ಕತಾರ್, ಬ್ರಿಟಿಷ್ ಏರ್‌ವೇಸಲ್ಲೂ ಅಂಥದ್ದೇ ಇದೆ, ಕ್ರಿಸ್‌ಫ್ಲೈಯರಲ್ಲಿ ಸೇರ್ಸೋಕಾಗಲ್ಲ ಆದ್ರೆ ನಿಮ್ ಮೈಲ್ಸಿಂದ ಟಿಕೆಟ್ ತಗೊಳ್ಳೋಕೆ ಐದು ಜನರ ಹೆಸರು ಕೊಡಬಹುದು.

ಅಕೌಂಟ್ ತೆಗೆಯೋವಾಗ ಹೆಸರು ಪಾಸ್‌ಪೋರ್ಟಲ್ಲಿ ಹೇಗಿದ್ಯೋ ಹಾಗೇ ಹಾಕಿ. ನಮ್ ಕಡೆ ಇನಿಷಿಯಲ್ ಸಮಸ್ಯೆ ಇದ್ದೇ ಇದೆ, ಆಧಾರಲ್ಲಿ ಹೆಸರಿನ ಮುಂದೆ ಕೆ.ಎಸ್., ಪಾಸ್‌ಪೋರ್ಟಲ್ಲಿ ಊರಿನ ಹೆಸರು ಅಪ್ಪನ ಹೆಸರು ಬಿಡಿಸಿ ಬರೆದಿರ್ತಾರೆ, ಕೆಲವ್ರಿಗೆ ಸರ್‌ನೇಮ್ ಜಾಗ ಖಾಲಿನೇ, ಟ್ರಾವೆಲ್ ಏಜೆಂಟ್ ಟಿಕೆಟಲ್ಲಿ ಇನ್ನೊಂದ್ ಥರ ಹಾಕಿರ್ತಾರೆ, ಹೀಗಾದ್ರೆ ಸಿಸ್ಟಮ್‌ಗೆ ಇಬ್ಬರು ಬೇರೆ ಬೇರೆ ಜನ ಅನ್ಸಿ ಮೈಲ್ಸ್ ಬೀಳಲ್ಲ. ಹೋಗಿ ಬಂದಾಗಿದೆ, ನಂಬರ್ ಹಾಕಿರ್ಲಿಲ್ಲ ಅಂದ್ರೂ ಕ್ಲೇಮ್ ಮಾಡೋಕೆ ಹೆಚ್ಚಿನ ಏರ್‌ಲೈನಲ್ಲಿ ಆರು ತಿಂಗಳಿಂದ ಒಂದು ವರ್ಷ ಟೈಮ್ ಇರತ್ತೆ, ಅದಕ್ಕೆ ಇ-ಟಿಕೆಟ್ ನಂಬರ್ ಬೇಕು, ಬೋರ್ಡಿಂಗ್ ಪಾಸೂ ಕೇಳಬಹುದು. ಬೋರ್ಡಿಂಗ್ ಪಾಸ್ ಮನೆಗೆ ಬಂದ ದಿನಾನೇ ಎಸೀಬೇಡಿ, ಫೋಟೋ ತೆಗೆದಿಟ್ಕೊಂಡು ಮೈಲ್ಸ್ ಅಕೌಂಟಲ್ಲಿ ಬಿದ್ದಿದ್ದು ನೋಡಿದ್ಮೇಲೆ ಎಸೀರಿ.